ಕೌದಿಯೇ ಸ್ಟುಡಿಯೋ ಸ್ವಾಮಿ!

"ಮನೇಲಿ ಮಾಡಿದ ರೆಕಾರ್ಡಿಂಗಾ? ಡಬ್ಬದೊಳಗೆ ಹಾಡಿದ ಹಾಗಿರುತ್ತೆ ಬಿಡಿ."

ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹೇಳೋರು ಯಾರು ಅಂದ್ರೆ ಚೆನ್ನಾಗಿ ಹಾಡಬಲ್ಲ ಗೆಳೆಯರೇ. ಸ್ಟುಡಿಯೋ ಬಾಡಿಗೆಗೆ ಇಷ್ಟು, ಕೀಬೋರ್ಡಿನವರಿಗೆ ಇಷ್ಟು, ಮಿಕ್ಸಿಂಗಿಗೆ ಇಷ್ಟು ಅಂತ ಲೆಕ್ಕ ಹಾಕಿ ಸುಮ್ಮನೆ ಕೂತವರು. ಕೊನೆಗೆ ಯಾವುದೋ ಸಿನಿಮಾ ಹಾಡಿನ ಕರೋಕೆ ಹಾಕ್ಕೊಂಡು ಆಸೆ ತೀರಿಸ್ಕೋತಾರೆ. ಸ್ವಂತ ರಾಗ ಹಾಕಿದ ಭಾವಗೀತೆ ನೋಟ್‌ಬುಕ್ಕಲ್ಲೇ ಕೊಳೀತಾ ಇರುತ್ತೆ.

ಬೀಟಲ್ಸ್ ತಂಡ 1967ರ 'ಸಾರ್ಜೆಂಟ್ ಪೆಪ್ಪರ್' ಮಾಡಿದ್ದು ನಾಲ್ಕು ಟ್ರ್ಯಾಕಿನ ಟೇಪ್ ಯಂತ್ರಗಳಲ್ಲಿ. ಟ್ರ್ಯಾಕ್ ತುಂಬಿದ್ರೆ ಇನ್ನೊಂದು ಯಂತ್ರಕ್ಕೆ ಇಳಿಸಿ ಜಾಗ ಮಾಡ್ಕೋತಿದ್ರು. ಸರಿ, ಅದು ದೊಡ್ಡ ಸ್ಟುಡಿಯೋ. ಆದ್ರೆ 1982ರ 'ನೆಬ್ರಾಸ್ಕ' ಆಲ್ಬಮ್? ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಮನೆಯಲ್ಲಿ ಕೂತು ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ರೆಕಾರ್ಡರಿನಲ್ಲಿ ಮಾಡಿದ ಡೆಮೊ ಅದು. ಆಮೇಲೆ ಬ್ಯಾಂಡ್ ಜೊತೆ ಮಾಡಿದ್ದು ಸರಿಹೋಗದೆ ಆ ಕ್ಯಾಸೆಟ್ಟನ್ನೇ ಬಿಡುಗಡೆ ಮಾಡಿದ್ರು! ನಿಮ್ಮ ಹಳೇ ಲ್ಯಾಪ್‌ಟಾಪಿಗೆ ಹತ್ತು ಟ್ರ್ಯಾಕ್ ಯಾವ ಲೆಕ್ಕ? 24 ಬಿಟ್, 44.1 ಕಿಲೋಹರ್ಟ್ಸ್ ಅಂದ್ರೆ ಒಂದು ಟ್ರ್ಯಾಕಿಗೆ ನಿಮಿಷಕ್ಕೆ ಸುಮಾರು 8 ಎಂಬಿ. ನಾಲ್ಕು ನಿಮಿಷದ ಹಾಡು, ಹತ್ತು ಟ್ರ್ಯಾಕ್, 320 ಎಂಬಿ. ಅಷ್ಟೇ.

ಸಾಫ್ಟ್‌ವೇರಿಗೂ ನೆಪ ಇಲ್ಲ. ಆಡಾಸಿಟಿ 2000ದಿಂದ ಪುಕ್ಕಟೆ ಸಿಗ್ತಾ ಇದೆ. ವಿನ್‌ಆಂಪ್ ನೆನಪಿದೆಯಾ? ಅದನ್ನು ಬರೆದ ಜಸ್ಟಿನ್ ಫ್ರಾಂಕೆಲ್‌ದೇ ರೀಪರ್. 60 ದಿನ ಪರೀಕ್ಷೆ ಮಾಡಿ, ಹಿಡಿಸಿದ್ರೆ ಸ್ವಂತ ಬಳಕೆಗೆ 60 ಡಾಲರ್. ಕ್ರ್ಯಾಕ್ ಹುಡುಕೋ ಚಾಳಿ ದಯವಿಟ್ಟು ಬಿಡಿ.

ಹಾಗಾದ್ರೆ "ಡಬ್ಬದ" ಸದ್ದು ಎಲ್ಲಿಂದ? ಕಂಪ್ಯೂಟರಿನಿಂದಲ್ಲ, ನಮ್ಮ ಮನೆಗಳಿಂದ. ಬೋಳು ಕಾಂಕ್ರೀಟ್ ಗೋಡೆ, ಟೈಲ್ಸ್ ನೆಲ, ಹಾಡಿದ್ದೆಲ್ಲ ತಿರುಗಿ ಮೈಕಿಗೇ ಬಡಿಯುತ್ತೆ. ಅಂಥಾ ರೂಮಲ್ಲಿ ದುಬಾರಿ ಕಂಡೆನ್ಸರ್ ಮೈಕ್ ಇಟ್ರೆ ಪಕ್ಕದ ಮನೆ ಕುಕ್ಕರ್ ವಿಷಲ್ ಇನ್ನೂ ಸ್ಪಷ್ಟವಾಗಿ ಬರುತ್ತೆ, ಅಷ್ಟೇ ಲಾಭ. ಸಾಧಾರಣ ಡೈನಮಿಕ್ ಮೈಕ್ ತಗೊಂಡು ಒಂದು ಗೇಣು ದೂರದಿಂದ ಹಾಡಿ. ಬೆನ್ನ ಹಿಂದೆ ಊರಿನ ಕೌದಿ ನೇತುಹಾಕಿ, ಪಕ್ಕದಲ್ಲಿ ಹಾಸಿಗೆ ನಿಲ್ಲಿಸಿ. ಎರಡು ಇನ್‌ಪುಟ್‌ನ ಯುಎಸ್‌ಬಿ ಇಂಟರ್ಫೇಸ್ ಮತ್ತು ಕಿವಿ ಮುಚ್ಚುವ ಹೆಡ್‌ಫೋನ್ ಬೇಕು. ಎಲ್ಲಾ ಸೇರಿ ಒಂದು ಮಾಮೂಲಿ ಸ್ಮಾರ್ಟ್‌ಫೋನಿನ ದುಡ್ಡು. ನಿಮ್ಮ ದನಿ ನಿಮಗೇ ತಡವಾಗಿ ಕೇಳಿಸ್ತಿದ್ರೆ ಬಫರ್ 1024ರಿಂದ 128ಕ್ಕೆ ಇಳಿಸಿ. ಒಂದು ದಿಕ್ಕಿನ ತಡ 23 ಮಿಲಿಸೆಕೆಂಡಿನಿಂದ ಮೂರಕ್ಕೆ ಇಳಿಯುತ್ತೆ. ಮೊದಲು ತಂಬೂರಿ ಶ್ರುತಿ, ಆಮೇಲೆ ತಾಳ. ಖಂಡಛಾಪು ಅಂದ್ರೆ ಮೆಟ್ರೊನೋಮನ್ನು ಐದಕ್ಕೆ ಇಡಿ, ಅದಾಗಿ ಬರೋ ನಾಲ್ಕಕ್ಕೆ ಹಾಡನ್ನು ಬಗ್ಗಿಸಬೇಡಿ.

ನನ್ನ ನಿಜವಾದ ಸಿಟ್ಟು ಬೇರೆ. ನಮ್ಮ ನೆಂಟರ ಪೈಕಿ ಅಜ್ಜಿಯೊಬ್ಬರ ಸೋಬಾನೆ ಹಾಡುಗಳನ್ನು ಒಂದು ಸ್ಟುಡಿಯೋದಲ್ಲಿ (ಹೆಸರು ಬೇಡ) ರೆಕಾರ್ಡ್ ಮಾಡಿಸಿದ್ರು. ಅಲ್ಲಿನವರು ಯಾರನ್ನೂ ಕೇಳದೆ ಪಿಚ್ ಕರೆಕ್ಷನ್ ಹಾಕಿ, ಕೆಳಗೊಂದು ಸಿಂಥ್ ಹಾಸಿ ಕೊಟ್ರು. ಆ ತಂತ್ರ ದನಿಯನ್ನು ಹತ್ತಿರದ ಸ್ವರಕ್ಕೆ ಎಳೆದು ಕೂರಿಸುತ್ತೆ. ಗಮಕ ಇರೋದೇ ಎರಡು ಸ್ವರಗಳ ನಡುವೆ! ಅಜ್ಜಿಯ ಜಾರು, ನಡುಕ ಎಲ್ಲಾ ಮೆಟ್ಟಿಲು ಮೆಟ್ಟಿಲಾಗಿ ಹೋಯ್ತು. ಮೂಲ ಟ್ರ್ಯಾಕ್ ಕೊಡಿ ಅಂದ್ರೆ ಡಿಲೀಟ್ ಆಗಿದೆಯಂತೆ. ಅಜ್ಜಿ ಈಗಿಲ್ಲ.

ಮನೇಲಿ ಮಾಡಿದ್ರೆ ಮೂಲ ನಿಮ್ಮ ಹಾರ್ಡ್‌ಡಿಸ್ಕಲ್ಲೇ ಇರುತ್ತೆ, ಮಿಕ್ಸ್ ಕೆಟ್ರೆ ಹತ್ತು ಸಲ ಮತ್ತೆ ಮಾಡಬಹುದು. ಡೊಳ್ಳು ಮೇಳವನ್ನು ಬೆಡ್‌ರೂಮಲ್ಲಿ ರೆಕಾರ್ಡ್ ಮಾಡಿ ಅಂತ ನಾನೇನು ಹೇಳ್ತಿಲ್ಲ, ಅದಕ್ಕೆ ದೊಡ್ಡ ಜಾಗ ಬೇಕು. ಒಂದು ಕಂಠ, ಒಂದು ಹಾರ್ಮೋನಿಯಂಗೆ ಬೇಡ.

ಅಂದ ಹಾಗೆ ಚಾರ್ಜರ್ ಕಿತ್ತಿಟ್ಟು ಬ್ಯಾಟರಿ ಮೇಲೆ ರೆಕಾರ್ಡ್ ಮಾಡಿ, ಎಷ್ಟೋ ಸಲ ಗುಂಯ್ ಸದ್ದು ಅಲ್ಲಿಗೇ ನಿಲ್ಲುತ್ತೆ. ಕರೆಂಟ್ ಹೋದಾಗಂತೂ ಬಿಡಲೇಬೇಡಿ: ಫ್ಯಾನ್ ಇಲ್ಲ, ಫ್ರಿಜ್ ಇಲ್ಲ, ಪಕ್ಕದ ಮನೆ ಟಿವಿ ಇಲ್ಲ. ಎದುರು ಅಪಾರ್ಟ್‌ಮೆಂಟಿನವರು ಜನರೇಟರ್ ಹಾಕೋದ್ರೊಳಗೆ ಒಂದು ಪಲ್ಲವಿ ಮುಗಿಸಬಹುದು :)