ತಬಲಾದ ಪಟ್ಟಿ, ಮಗುವಿನ ಗಂಟಲು

"ಗಂಟ್ಲ ಹರಿಯೂತನಕ ಹಾಡಿದ್ರ ದನಿ ಪಳಗ್ತದ" ಎಂದರು ಉದಗೀರ ಕಡೆಯ ಹಿರಿಯರೊಬ್ಬರು. ಹರಿದ ಗಂಟಲು ಪಳಗುವುದಿಲ್ಲ. ಮಕ್ಕಳ ಸ್ವರತಂತು ಎಳೆಯದು. ದಿನವೂ ಕಿರುಚಿದರೆ ಅದರ ಅಂಚಿನಲ್ಲಿ ಗಂಟು ಏಳುತ್ತದೆ, ದನಿಯಲ್ಲಿ ಉಸಿರು ಸೋರುತ್ತದೆ. ಹದಿಮೂರು, ಹದಿನಾಲ್ಕರ ಹೊತ್ತಿಗೆ ಹುಡುಗನ ದನಿ ಸುಮಾರು ಒಂದು ಸಪ್ತಕ ಇಳಿಯುತ್ತದೆ. ಹುಡುಗಿಯರದೂ ತುಸು ಇಳಿಯುತ್ತದೆ.

ಇಳಿಯದಿರುವುದು ಮಕ್ಕಳು ವಚನ ಹಾಡುವ ಭಜನಿ ಮಂಡಳಿಯ ಪಟ್ಟಿ, ಅಂದರೆ ಹಾಡಿನ ಶ್ರುತಿ. ಹಾರ್ಮೋನಿಯಮ್ಮಿನಲ್ಲಿ ಪಟ್ಟಿ ಬದಲಿಸಲು ಬೆರಳು ಸರಿಸಿದರೆ ಸಾಕು. ತಬಲಾ ಅಷ್ಟು ಸುಲಭಕ್ಕೆ ಬಗ್ಗದು. ಮುಖ್ಯ ಹಾಡುಗಾರನ ಷಡ್ಜಕ್ಕೆ ಸುತ್ತಿಗೆಯಿಂದ ಕೂಡಿಸಿದ ತಬಲಾ ಒಂದೆರಡು ಸ್ವರ ಮಾತ್ರ ಅತ್ತಿತ್ತ ಆಗುತ್ತದೆ; ಇನ್ನೂ ಕೆಳಗೆ ಬೇಕೆಂದರೆ ಅಗಲ ಬಾಯಿಯ ಬೇರೆ ತಬಲಾ ತರಬೇಕು. ಅದನ್ನು ತರುವವರಿಲ್ಲ. ಹಾಗಾಗಿ ಮಗು ಯಾವ ಶ್ರುತಿಯಲ್ಲಿ ಹಾಡಬೇಕು ಎಂಬುದನ್ನು ನಿರ್ಧರಿಸುವುದು ಚರ್ಮ ಹೊದಿಸಿದ ಒಂದು ಕಟ್ಟಿಗೆ!

ಪಟ್ಟಿ ಇಳಿಸಿ ಮಗುವಿನ ಗಂಟಲು ಕಾಯಬೇಕು ಎಂದರೆ ಒಂದು ತೂಕದ ಆಕ್ಷೇಪವಿದೆ. ಈಗ ಮಹಾರಾಷ್ಟ್ರಕ್ಕೆ ಸೇರಿದ ನಿಲಂಗಾ, ಉದಗೀರ ತಾಲ್ಲೂಕುಗಳು 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ಇಂದು ಅಲ್ಲಿಯೂ ಉಮರ್ಗಾದಲ್ಲಿಯೂ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಕನ್ನಡದ ಅಕ್ಷರ ಬಾರದ ಮಗುವಿಗೆ ಬಸವಣ್ಣನ ವಚನ ಸಿಗುವುದು ಕಿವಿಯಿಂದ. ಭಕ್ತಿಯಿಂದ ಹಾಡುವವರಿಗೆ ಉಸಿರು, ಶ್ರುತಿ ಎಂದು ಪಾಠ ಹೇಳಿದರೆ ಹಾಡನ್ನೇ ಬಿಟ್ಟಾರು ಎಂಬ ಭಯ ಸುಳ್ಳಲ್ಲ. ಆದರೆ ವಚನಕ್ಕೆ ಹಾಡೊಂದೇ ಆಸರೆಯಾಗಿದ್ದರೆ, ದನಿ ಕೆಡಿಸಿಕೊಂಡ ಹುಡುಗ ವಚನವನ್ನೂ ಕಳೆದುಕೊಳ್ಳುತ್ತಾನೆ. ಗಂಟಲು ಕಾಯುವುದು ಇಲ್ಲಿ ಭಾಷೆ ಕಾಯುವ ಕೆಲಸವೂ ಹೌದು.

ಗಂಟಲು ಹರಿಯುವ ಸಾಧನೆಗೆ ಸಾಕ್ಷಿಯಾಗಿ ಗಾಯಕ ಸವಾಯಿ ಗಂಧರ್ವರ ಹೆಸರನ್ನೂ ಕೆಲವರು ಮುಂದೆ ಮಾಡುತ್ತಾರೆ. ಹರೆಯದಲ್ಲಿ ಅವರ ದನಿ ಮೊಂಡಾಗಿತ್ತು, ಕಠಿಣ ಸಾಧನೆಯಿಂದಲೇ ಒಲಿಯಿತು, ನಿಜ. ಆದರೆ ಆ ಸಾಧನೆ ಗುರು ಅಬ್ದುಲ್ ಕರೀಂ ಖಾನರ ಕಿವಿಯ ಕಾವಲಿನಲ್ಲಿ ನಡೆದದ್ದು. ಟಿವಿ ಸ್ಪರ್ಧೆಗಳಲ್ಲಿ ಹತ್ತರ ಕೂಸು ಮೂವತ್ತರ ದನಿ ತೆಗೆದರೆ ಚಪ್ಪಾಳೆ ತಟ್ಟುವವರಿಗೆ ಉತ್ತರ ಕೊಡಬೇಕಿಲ್ಲ.

ಆ ಚಪ್ಪಾಳೆಯವರು ಗಾಯಕ ಕುಮಾರ ಗಂಧರ್ವರನ್ನು ನೋಡಲಿ. ಬೆಳಗಾವಿ ಬಳಿಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ, ಗ್ರಾಮಫೋನ್ ತಟ್ಟೆ ಕೇಳಿ ದೊಡ್ಡವರ ಹಾಡಿಕೆಯನ್ನು ಹಾಗೆಯೇ ಒಪ್ಪಿಸುತ್ತಿದ್ದ. 'ಕುಮಾರ ಗಂಧರ್ವ' ಎಂಬ ಬಿರುದು ಬಂತು, ಊರೂರು ಕಚೇರಿಯಾಯಿತು. ಅನುಕರಣೆಯಲ್ಲೇ ಮುಗಿದುಹೋಗಬಹುದಿದ್ದ ಆ ಹುಡುಗ ಮುಂಬೈಯಲ್ಲಿ ಬಿ.ಆರ್. ದೇವಧರರ ಬಳಿ ಕಲಿತು, ತನ್ನದೇ ವಿಚಾರದಿಂದ ಹಾಡುವವನಾದ. ಮುಂದೆ ಕ್ಷಯ ಬಂದು ವರ್ಷಗಟ್ಟಲೆ ಹಾಡು ನಿಂತಿತು. ಮರಳಿ ಬಂದಾಗ ಅವರು ಉಳಿದ ಉಸಿರಿನ ಅಳತೆಗೇ ಚಿಕ್ಕ ಚಿಕ್ಕ ಪಲುಕುಗಳ ಹೊಸ ಗಾಯನ ಕಟ್ಟಿದರು. ಮೈಯ ಮಿತಿ ಅರಿತು ಹಾಡುವುದು ಕಲೆಗೆ ಕುಂದಲ್ಲ, ಕಲೆ ಹುಟ್ಟುವುದೇ ಅಲ್ಲಿ.

ಮಂಡಳಿಗಳು ಮಾಡಬೇಕಾದದ್ದು ಹೆಚ್ಚೇನಿಲ್ಲ: ಕೆಳಪಟ್ಟಿಗೆ ಇನ್ನೊಂದು ತಬಲಾ ಕೊಳ್ಳಲಿ. ದನಿ ಒಡೆಯುವ ವರ್ಷ ಹುಡುಗನನ್ನು ಮನೆಗೆ ಕಳಿಸದೆ ಕೈಗೆ ತಾಳ ಕೊಡಲಿ, ಮೆಲ್ಲಗೆ ಗುನುಗಲು ಬಿಡಲಿ, ವಚನದ ಅರ್ಥ ಬಿಡಿಸಿ ಹೇಳಲಿ.