ಮಿನಿ ಟ್ರ್ಯಾಕ್ಟರ್: ಸಬ್ಸಿಡಿಯ ಜತೆಗೆ ಸರ್ವಿಸ್‌ ಹೊಣೆಯೂ ಬೇಕು

ಉಡುಪಿ ಜಿಲ್ಲೆಯ ಗದ್ದೆಗಳಲ್ಲಿ ಕೋಣಗಳ ಜಾಗಕ್ಕೆ ಮೊದಲು ಟಿಲ್ಲರ್ ಬಂತು. ಈಗ ಅದರ ಬೆನ್ನಿಗೆ 18ರಿಂದ 28 ಅಶ್ವಶಕ್ತಿಯ ಮಿನಿ ಟ್ರ್ಯಾಕ್ಟರ್‌ಗಳು ಇಳಿಯುತ್ತಿವೆ. 1974ರ ಭೂಸುಧಾರಣೆಯ ನಂತರ ಕರಾವಳಿಯ ಬಹುತೇಕ ಹಿಡುವಳಿಗಳು ಸಣ್ಣವು. ಗದ್ದೆಗಳು ಕಿರಿದು, ಅವುಗಳಿಗೆ ಹೋಗುವ ದಾರಿಯೂ ಇಕ್ಕಟ್ಟು. ದೊಡ್ಡ ಟ್ರ್ಯಾಕ್ಟರ್ ಇಲ್ಲಿ ತಿರುಗುವುದೇ ಕಷ್ಟ. ತಗ್ಗಿನ ಬೈಲುಗದ್ದೆಯಲ್ಲಿ ಅದರ ಭಾರಕ್ಕೆ ಚಕ್ರ ಹೂತುಹೋಗುತ್ತದೆ. ಆದ್ದರಿಂದ ಸಣ್ಣ ಯಂತ್ರದ ಆಯ್ಕೆ ಸರಿಯಾದದ್ದೇ. ತೊಡಕಿರುವುದು ಹೊಸ ಯಂತ್ರ ಕೆಟ್ಟಾಗ ಅದನ್ನು ಸಕಾಲದಲ್ಲಿ ಸರಿಪಡಿಸಿಕೊಡುವ ವ್ಯವಸ್ಥೆಯಲ್ಲಿ.

ಕರಾವಳಿಯಲ್ಲಿ ಕಾಲದ ಲೆಕ್ಕ ಬಹಳ ಬಿಗಿ. ಮೇ ಕೊನೆಯಲ್ಲಿ ಬರುವ ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ ಮುಂಗಾರಿನ ಏಣಿಲು ಬೆಳೆಗೆ ಉಳುಮೆ ಆರಂಭವಾಗುತ್ತದೆ. ಬೈಲಿನಲ್ಲಿ ನೀರು ನಿಂತೇ ಇರುತ್ತದೆ. ಅದಕ್ಕಿಂತ ಎತ್ತರದ ಮಜಲು ಮತ್ತು ಬೆಟ್ಟು ಗದ್ದೆಗಳಲ್ಲಿ ಮಳೆ ಬಿರುಸಾಗಿರುವ ದಿನಗಳಲ್ಲೇ ಕೆಸರು ಮಾಡಿ ಮುಗಿಸಬೇಕು. ಯಂತ್ರನಾಟಿಗೆ ಚಾಪೆ ಪದ್ಧತಿಯಲ್ಲಿ ಬೆಳೆಸಿದ ನೇಜಿ (ಭತ್ತದ ಸಸಿ) ಸುಮಾರು 15ರಿಂದ 18 ದಿನದ್ದಿರಬೇಕು. ಟ್ರ್ಯಾಕ್ಟರ್ ಒಂದು ವಾರ ವರ್ಕ್‌ಶಾಪ್‌ನಲ್ಲಿ ನಿಂತರೆ ನೇಜಿ ಬಲಿತುಹೋಗುತ್ತದೆ, ನಾಟಿ ಯಂತ್ರದ ಸರದಿ ತಪ್ಪುತ್ತದೆ, ಹಿಂದೆಯೇ ಬರಬೇಕಾದ ಸುಗ್ಗಿ ಬೆಳೆಯೂ ತಡವಾಗುತ್ತದೆ. ಹಾಗಾಗಿ ಇಲ್ಲಿ ಯಂತ್ರದ ವಿಶ್ವಾಸಾರ್ಹತೆಯನ್ನು ಅಳೆಯಬೇಕಾದದ್ದು ಹಂಗಾಮಿನಲ್ಲಿ ಅದು ಎಷ್ಟು ದಿನ ನಿಂತಿತು ಎಂಬುದರಿಂದ.

ಕೆಡುವ ಭಾಗಗಳು ಬಹುಮಟ್ಟಿಗೆ ಗೊತ್ತಿರುವವೇ. ಕೆಸರಿನಲ್ಲಿ ರೋಟವೇಟರ್ ಓಡಿಸುವಾಗ ಮುಂದಿನ ಚಕ್ರದ ಹಬ್ ಮತ್ತು ಹಿಂದಿನ ಆಕ್ಸಲ್ ಎರಡೂ ಗಂಟೆಗಟ್ಟಲೆ ಕೆಸರುನೀರಿನಲ್ಲಿ ಮುಳುಗಿರುತ್ತವೆ. ಆಯಿಲ್ ಸೀಲ್ ಸ್ವಲ್ಪ ಸವೆದರೂ ನೀರು, ಮರಳು ಒಳಗೆ ಸೇರಿ ಬೇರಿಂಗ್ ತಿನ್ನುತ್ತವೆ. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದರೆ ನೀರು ಬೆರೆತಿದೆ ಎಂದೇ ಅರ್ಥ. ಹಲವು ಮಾದರಿಗಳಲ್ಲಿ ಗೇರ್ ಬಾಕ್ಸ್‌ಗೂ ಹೈಡ್ರಾಲಿಕ್ಸ್‌ಗೂ ಒಂದೇ ಎಣ್ಣೆ ಇರುವುದರಿಂದ ಈ ದೋಷ ಲಿಫ್ಟ್‌ವರೆಗೂ ಹಬ್ಬುತ್ತದೆ. ಕೇಜ್ ವೀಲ್ ಹಾಕಿದಾಗ ಹಿಂದಿನ ಗೇರ್‌ಗಳ ಮೇಲೆ ಹೊರೆ ಹೆಚ್ಚುತ್ತದೆ. ಸಣ್ಣ ಗದ್ದೆಯಲ್ಲಿ ಪದೇ ಪದೇ ತಿರುಗಿಸುವುದರಿಂದ ಕ್ಲಚ್ ಪ್ಲೇಟ್ ಬೇಗ ಸವೆಯುತ್ತದೆ. ಕಾರ್ಕಳದ ಕಡೆ ಬೇಸಗೆಯಲ್ಲಿ ಮಣ್ಣು, ಮುರಕಲ್ಲು ಸಾಗಿಸುವಾಗ ಏಳುವ ಕೆಂಪು ಧೂಳು ಏರ್ ಕ್ಲೀನರ್ ಕಟ್ಟಿಸುತ್ತದೆ. ಕಾಪುವಿನ ಕಡಲಂಚಿನಲ್ಲಿ ಉಪ್ಪುಗಾಳಿ ವೈರಿಂಗ್‌ನ ಸಂದುಗಳಿಗೆ ತುಕ್ಕು ಹಿಡಿಸುತ್ತದೆ. ತಿಂಗಳುಗಟ್ಟಲೆ ಶೆಡ್‌ನಲ್ಲಿ ನಿಂತ ಯಂತ್ರದ ಬ್ಯಾಟರಿ ಮಳೆಗಾಲದ ಮೊದಲ ದಿನವೇ ಕೈಕೊಡುತ್ತದೆ.

ಇದರಲ್ಲಿ ಯಾವುದು ತಯಾರಿಕಾ ದೋಷ, ಯಾವುದು ಬಳಕೆಯ ಸವೆತ ಎಂಬಲ್ಲಿ ರೈತನಿಗೂ ಡೀಲರ್‌ಗೂ ತಕರಾರು ಹುಟ್ಟುತ್ತದೆ. ಸೀಲ್ ಸೋರಲು ಅದನ್ನು ಕೂರಿಸಿದ ರೀತಿ ಕಾರಣವಿರಬಹುದು, ಆಕ್ಸಲ್‌ಗೆ ಸುತ್ತಿಕೊಂಡ ಹುಲ್ಲು, ಹಗ್ಗವೂ ಕಾರಣವಿರಬಹುದು. ಕ್ಲಚ್, ಸೀಲ್, ರಬ್ಬರ್ ಭಾಗಗಳನ್ನು ವಾರಂಟಿ ಸಾಮಾನ್ಯವಾಗಿ ಹೊರಗಿಡುತ್ತದೆ. ಟೈರ್, ಬ್ಯಾಟರಿಗಳ ಹೊಣೆ ಅವುಗಳ ತಯಾರಕರ ಮೇಲೆ ಬೀಳುತ್ತದೆ. ವಾರಂಟಿಯ ಅವಧಿ ವರ್ಷ ಅಥವಾ ಗಂಟೆ, ಯಾವುದು ಮೊದಲೋ ಅದರ ಪ್ರಕಾರ ಮುಗಿಯುತ್ತದೆ. ವರ್ಷದಲ್ಲಿ ಕೆಲವೇ ವಾರ ದುಡಿಯುವ ಕರಾವಳಿಯ ಟ್ರ್ಯಾಕ್ಟರ್‌ಗೆ ವರ್ಷಗಳೇ ಮೊದಲು ತೀರುತ್ತವೆ, ಕೆಲಸದ ಪರೀಕ್ಷೆ ಆಮೇಲೂ ಉಳಿದಿರುತ್ತದೆ.

ಡೀಲರ್‌ನ ಕಷ್ಟವೂ ನಿಜ. ಬಯಲುಸೀಮೆಯಷ್ಟು ಮಾರಾಟ ಇಲ್ಲಿಲ್ಲ. ಒಂದೊಂದು ಮಾದರಿಯ ಕೆಲವೇ ಟ್ರ್ಯಾಕ್ಟರ್‌ಗಳಿಗಾಗಿ ಎಲ್ಲ ಬಿಡಿಭಾಗಗಳನ್ನು ತರಿಸಿಟ್ಟರೆ ಬಂಡವಾಳ ಕಟ್ಟಿಹಾಕಿದಂತೆ. ವಾರಂಟಿಯಲ್ಲಿ ಭಾಗ ಬದಲಿಸಲು ಕಂಪನಿಯ ಒಪ್ಪಿಗೆಗೆ ಕಾಯಬೇಕು. ಆದರೆ ಈ ಕಾಯುವಿಕೆಯ ಬೆಲೆ ತೆರುವವನು ರೈತ. ಕಾರ್ಕಳದ ಒಳಹಳ್ಳಿಯಿಂದ ಯಂತ್ರವನ್ನು ಪೇಟೆಯ ವರ್ಕ್‌ಶಾಪ್‌ಗೆ ಸಾಗಿಸುವ ಲಾರಿ ಬಾಡಿಗೆ ಮತ್ತು ಅಷ್ಟು ದಿನ ತಪ್ಪಿದ ಉಳುಮೆ, ಎರಡೂ ಅವನ ತಲೆಗೇ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ, ಹಲವು ಬಿಡಿಭಾಗಗಳ ಮೇಲಿನದು ಶೇ 18ರಿಂದ ಶೇ 5ಕ್ಕೆ ಇಳಿದಿದೆ. ಕೊಳ್ಳುವುದು ಹಗುರವಾಯಿತು, ಬಿಡಿಭಾಗ ಕೈಗೆ ಸಿಗುವ ದಿನ ಇದರಿಂದ ಹತ್ತಿರವಾಗಲಿಲ್ಲ.

ಆದ್ದರಿಂದ ಮೊದಲನೆಯದಾಗಿ, ಸರ್ಕಾರ ಈ ಯಂತ್ರಗಳಿಗೆ ಕೊಡುವ ಸಬ್ಸಿಡಿಗೆ ಷರತ್ತು ಸೇರಿಸಬೇಕು. ಜಿಲ್ಲೆಯಲ್ಲಿ ತರಬೇತಾದ ಮೆಕ್ಯಾನಿಕ್ ಇರಬೇಕು. ಸೀಲ್, ಬೇರಿಂಗ್, ಕ್ಲಚ್, ಫಿಲ್ಟರ್‌ಗಳ ದಾಸ್ತಾನು ಇರಬೇಕು. ಜೂನ್, ಜುಲೈಯಲ್ಲಿ ನಿಗದಿತ ದಿನಗಳೊಳಗೆ ರಿಪೇರಿ ಆಗದಿದ್ದರೆ ಬದಲಿ ಯಂತ್ರ ಕೊಡಬೇಕು. ಬದಲಿ ಯಂತ್ರಕ್ಕೆ 2014–15ರಲ್ಲಿ ಆರಂಭವಾದ, ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳನ್ನೇ ಬಳಸಿಕೊಳ್ಳಬಹುದು; ಬಾಡಿಗೆಯನ್ನು ಕಂಪನಿ ಭರಿಸಬೇಕು.

ಎರಡನೆಯದು ಮಾಹಿತಿ. ಮಧ್ಯಪ್ರದೇಶದ ಬುಧ್ನಿಯಲ್ಲಿರುವ ಕೇಂದ್ರೀಯ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಟ್ರ್ಯಾಕ್ಟರ್‌ಗಳ ಶಕ್ತಿ, ಡೀಸೆಲ್ ಬಳಕೆ, ಗದ್ದೆ ಕೆಲಸವನ್ನು ಪರೀಕ್ಷಿಸಿ ವರದಿ ಕೊಡುತ್ತದೆ. ಅದರಲ್ಲಿ ಕೆಸರು ಕೆಲಸದ ಫಲಿತಾಂಶವೇ ಕರಾವಳಿಯವರಿಗೆ ಮುಖ್ಯ. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರ ಇವುಗಳ ಸಾರವನ್ನು ಕನ್ನಡದಲ್ಲಿ ರೈತರಿಗೆ ತಲುಪಿಸಿದರೆ ಖರೀದಿ ಶೋರೂಂ ಮಾತಿಗೆ ಕಟ್ಟುಬೀಳುವುದಿಲ್ಲ.

ಮೂರನೆಯದು ಕಾನೂನು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜೀವನೋಪಾಯಕ್ಕಾಗಿ ತಾನೇ ದುಡಿಯಲು ಯಂತ್ರ ಕೊಂಡವನೂ ಗ್ರಾಹಕನೇ. ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ, ಎರಡು ವರ್ಷದೊಳಗೆ ದೂರು ಕೊಡಬಹುದು. ದೋಷ ಪತ್ತೆಗೆ ಪರೀಕ್ಷೆ ಬೇಕಿದ್ದರೆ ಆಯೋಗ ಪ್ರಯೋಗಾಲಯದ ವರದಿ ಕೇಳಬಹುದು. ಆದರೆ ದಾಖಲೆ ಇಲ್ಲದೆ ದೂರು ನಿಲ್ಲದು. ಪ್ರತಿ ಸಲವೂ ದಿನಾಂಕ, ಗಂಟೆ ಮೀಟರ್, ದೂರು, ಬದಲಿಸಿದ ಭಾಗ ಬರೆದ ಜಾಬ್ ಕಾರ್ಡ್ ಪಡೆಯಲೇಬೇಕು. ಒಂದೇ ದೋಷ ಮರುಕಳಿಸಿತೆಂದು ತೋರಿಸಲು ಅದೇ ಆಧಾರ.

ನಾಲ್ಕನೆಯದು ಊರಿನ ರಿಪೇರಿ ಶಕ್ತಿ. 2023ರ ಜನವರಿಯಿಂದ ಬಂದ ಟ್ರೆಮ್ 4 ಹೊಗೆ ನಿಯಮ 50 ಅಶ್ವಶಕ್ತಿಗಿಂತ ಹೆಚ್ಚಿನ ಟ್ರ್ಯಾಕ್ಟರ್‌ಗಳಿಗೆ ಅನ್ವಯ. ಮಿನಿ ಟ್ರ್ಯಾಕ್ಟರ್‌ಗಳಲ್ಲಿ ಹೆಚ್ಚಿನವು ಇನ್ನೂ ಮೆಕ್ಯಾನಿಕಲ್ ಡೀಸೆಲ್ ಪಂಪಿನವು. ಹಳ್ಳಿಯ ಮೆಕ್ಯಾನಿಕ್ ಕಲಿತು ರಿಪೇರಿ ಮಾಡಬಲ್ಲಂಥವು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿಗಾಗಿ ರಚಿಸಿದ ಸಮಿತಿಯ ಪಟ್ಟಿಯಲ್ಲಿ ಕೃಷಿ ಯಂತ್ರಗಳೂ ಇವೆ. ಅಮೆರಿಕದ ಕೊಲೊರಾಡೊ ರಾಜ್ಯ 2023ರಲ್ಲಿ ರೈತರಿಗೆ ಈ ಹಕ್ಕನ್ನು ಕಾನೂನಾಗಿಯೇ ಕೊಟ್ಟಿತು. ಸರ್ವಿಸ್ ಕೈಪಿಡಿ, ಬಿಡಿಭಾಗಗಳ ಪಟ್ಟಿ, ವಿಶೇಷ ಸಲಕರಣೆ ಇಲ್ಲಿಯೂ ಸ್ವತಂತ್ರ ಮೆಕ್ಯಾನಿಕ್‌ಗಳಿಗೆ ಸಿಗಬೇಕು. ಮಣಿಪಾಲ, ನಿಟ್ಟೆಯ ಎಂಜಿನಿಯರಿಂಗ್ ಕಾಲೇಜುಗಳು ಮತ್ತು ಐಟಿಐಗಳು ಮೇ ತಿಂಗಳಲ್ಲಿ ತಾಲ್ಲೂಕುವಾರು ತಪಾಸಣಾ ಶಿಬಿರ ನಡೆಸಿದರೆ ಎಷ್ಟೋ ತೊಂದರೆ ಗದ್ದೆಗಿಳಿಯುವ ಮುನ್ನವೇ ಕಣ್ಣಿಗೆ ಬೀಳುತ್ತದೆ. ಹಡಿಲು ಬಿದ್ದ ಗದ್ದೆಗಳನ್ನು ಮತ್ತೆ ಬೇಸಾಯಕ್ಕೆ ತರಬೇಕೆಂದರೆ, ಯಂತ್ರ ಮಾರಿದವರ ಹೊಣೆ ಅದರ ಮೊದಲ ಕೆಲವು ಮಳೆಗಾಲಗಳವರೆಗಾದರೂ ಮುಂದುವರಿಯಲೇಬೇಕು.