ಮೈದಾನದ ಪಾಠಕ್ಕೆ ಊರಿನ ಬೆಂಬಲ ಬೇಕು: ಬಳಗಾನೂರು ಸೀಮೆಯ ನಾಗರಿಕರಲ್ಲಿ ಒಂದು ಕಳಕಳಿಯ ಮನವಿ

ಪ್ರೌಢಶಾಲೆಯ ದೈಹಿಕ ಶಿಕ್ಷಣದ ಪಠ್ಯಕ್ರಮವು ಕಳೆದ ಎರಡು ದಶಕಗಳಲ್ಲಿ ಕಾಗದದ ಮೇಲೆ ಬಹಳಷ್ಟು ಬದಲಾಗಿದ್ದು, ಮುಂದಿನ ವರ್ಷಗಳಲ್ಲಿ ಇನ್ನಷ್ಟು ಬದಲಾಗುವ ಸೂಚನೆಗಳಿವೆ. ಆದರೆ ಆ ಬದಲಾವಣೆಯನ್ನು ತರಗತಿಗೂ ಮೈದಾನಕ್ಕೂ ಇಳಿಸಬೇಕಾದ ಹೊಣೆಯು ಪ್ರತಿ ಶಾಲೆಯಲ್ಲಿ ಒಬ್ಬನೇ ಶಿಕ್ಷಕನ ಅಥವಾ ಶಿಕ್ಷಕಿಯ ಮೇಲೆ ಬಿದ್ದಿದೆ. ಆ ಹುದ್ದೆಯೇ ಖಾಲಿಯಿರುವ ಶಾಲೆಗಳಲ್ಲಿ ಅದು ಯಾರ ಮೇಲೂ ಬಿದ್ದಿಲ್ಲ. ಬಳಗಾನೂರು ಪಟ್ಟಣ ಹಾಗೂ ಅದರ ಸುತ್ತಲಿನ ಮಸ್ಕಿ, ಸಿಂಧನೂರು, ಲಿಂಗಸುಗೂರು ತಾಲ್ಲೂಕುಗಳ ಪಾಲಕರು, ಜನಪ್ರತಿನಿಧಿಗಳು, ಹಳೆಯ ವಿದ್ಯಾರ್ಥಿಗಳು ಮತ್ತು ಇತರ ವಿಷಯಗಳ ಶಿಕ್ಷಕರು ಈ ಹೊಣೆಯಲ್ಲಿ ತಮ್ಮ ಪಾಲನ್ನು ಹೊರಬೇಕೆಂಬುದೇ ಈ ಮನವಿಯ ಉದ್ದೇಶ.

ಪಠ್ಯಕ್ರಮವೆಂದರೆ ಪಠ್ಯಪುಸ್ತಕ ಮಾತ್ರವಲ್ಲ. ಏನನ್ನು ಕಲಿಸಬೇಕು, ಎಷ್ಟು ಅವಧಿ ಕೊಡಬೇಕು, ಕಲಿತದ್ದನ್ನು ಹೇಗೆ ಅಳೆಯಬೇಕು ಎಂಬ ಮೂರನ್ನೂ ಒಳಗೊಂಡ ಯೋಜನೆಯೇ ಪಠ್ಯಕ್ರಮ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಆರೋಗ್ಯ ಮತ್ತು ದೈಹಿಕ ಶಿಕ್ಷಣವನ್ನು ಹತ್ತನೆಯ ತರಗತಿಯವರೆಗೆ ಕಡ್ಡಾಯ ವಿಷಯವಾಗಿಸಬೇಕೆಂದು ಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪಠ್ಯ ಮತ್ತು ಪಠ್ಯೇತರ ಎಂಬ ಗೋಡೆಯೇ ಬೇಡವೆಂದಿತು. 2023ರಲ್ಲಿ ಬಂದ ಶಾಲಾ ಶಿಕ್ಷಣದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ದೈಹಿಕ ಶಿಕ್ಷಣ ಮತ್ತು ಸ್ವಾಸ್ಥ್ಯವನ್ನು ಗಣಿತ, ವಿಜ್ಞಾನ, ಭಾಷೆಗಳ ಸಾಲಿನಲ್ಲೇ ಒಂದು ಕಲಿಕಾ ಕ್ಷೇತ್ರವಾಗಿ ಇರಿಸಿತು. ಕರ್ನಾಟಕ ಸರ್ಕಾರ 2020ರ ಆ ರಾಷ್ಟ್ರೀಯ ನೀತಿಯನ್ನು ಕೈಬಿಟ್ಟು, ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ 2023ರಲ್ಲಿ ರಚಿಸಿದ ರಾಜ್ಯ ಶಿಕ್ಷಣ ನೀತಿ ಆಯೋಗವು 2025ರ ಆಗಸ್ಟ್‌ನಲ್ಲಿ ವರದಿ ಸಲ್ಲಿಸಿದೆ. ಮುಂದೆ ಯಾವ ನೀತಿ ಜಾರಿಗೆ ಬಂದರೂ ದೈಹಿಕ ಶಿಕ್ಷಣವನ್ನು ಬಿಡುವಿನ ವೇಳೆಯ ಆಟವೆಂದು ಕಾಣುವ ಕಾಲ ಮುಗಿದಿದೆ ಎಂಬುದರಲ್ಲಿ ಸಂದೇಹವಿಲ್ಲ.

ಈ ಬದಲಾವಣೆಯ ತಿರುಳನ್ನು ಅರಿಯಲು ಕ್ರೀಡಾ ತರಬೇತಿಗೂ ದೈಹಿಕ ಶಿಕ್ಷಣಕ್ಕೂ ಇರುವ ಅಂತರವನ್ನು ಗಮನಿಸಬೇಕು. ಕ್ರೀಡಾ ತರಬೇತಿಯು ಚೆನ್ನಾಗಿ ಆಡಬಲ್ಲ ಕೆಲವರನ್ನು ಆರಿಸಿ ಸ್ಪರ್ಧೆಗೆ ಅಣಿಗೊಳಿಸುತ್ತದೆ. ದೈಹಿಕ ಶಿಕ್ಷಣವು ಓಡಲಾರದ, ಆಟಕ್ಕೆ ಅಂಜುವ, ಅಂಗವೈಕಲ್ಯವಿರುವ ಮಗುವನ್ನೂ ಸೇರಿಸಿಕೊಂಡು ಪ್ರತಿಯೊಬ್ಬರಿಗೂ ತಮ್ಮ ದೇಹವನ್ನು ಅರಿತು ಬಳಸುವ ಕೌಶಲ, ಆತ್ಮವಿಶ್ವಾಸ ಮತ್ತು ಅಭ್ಯಾಸವನ್ನು ಕಲಿಸುತ್ತದೆ. ಶಿಕ್ಷಣ ತಜ್ಞರು ದೈಹಿಕ ಸಾಕ್ಷರತೆ ಎಂದು ಕರೆಯುವುದು ಇದನ್ನೇ. ಹೀಗಾಗಿ ಹಿಂದೆ ಸಾಲಾಗಿ ನಿಲ್ಲಿಸಿ ಕವಾಯತು ಮಾಡಿಸಿ, ಚೆಂಡು ಕೊಟ್ಟು ಬಿಡುತ್ತಿದ್ದ ಅವಧಿಯಲ್ಲಿ ಇಂದು ಯೋಗ, ಆಹಾರ, ನೈರ್ಮಲ್ಯ, ಪ್ರಥಮ ಚಿಕಿತ್ಸೆ, ಹದಿಹರೆಯದ ಆರೋಗ್ಯಗಳನ್ನು ಕಲಿಸಬೇಕಾಗಿದೆ. ಜೊತೆಗೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದಡಿ, ಅಂದರೆ ವರ್ಷಾಂತ್ಯದ ಒಂದೇ ಪರೀಕ್ಷೆಯ ಬದಲು ವರ್ಷವಿಡೀ ಮಗುವಿನ ಪ್ರಗತಿಯನ್ನು ಗಮನಿಸಿ ಶ್ರೇಣಿ ನೀಡುವ ಪದ್ಧತಿಯಡಿ, ನೂರಾರು ಮಕ್ಕಳ ಪ್ರಗತಿಯನ್ನು ಒಬ್ಬರೇ ದಾಖಲಿಸಬೇಕಾಗಿದೆ. ಕಬಡ್ಡಿ, ಕೊಕ್ಕೊ, ವಾಲಿಬಾಲ್ ಕಲಿಸಲೆಂದು ಸಿ.ಪಿ.ಎಡ್. ಪ್ರಮಾಣಪತ್ರ ಅಥವಾ ಬಿ.ಪಿ.ಎಡ್. ಪದವಿ ಪಡೆದು ಹತ್ತಿಪ್ಪತ್ತು ವರ್ಷ ದುಡಿದವರಿಗೆ ಈ ಹೊಸ ಭಾಗಗಳು ತರಬೇತಿಯಿಲ್ಲದೆ ತಾವಾಗಿಯೇ ಕೈಹಿಡಿಯಲಾರವು.

ಇದರ ಮೇಲೆ ಈ ಸೀಮೆಯ ಪರಿಸ್ಥಿತಿಯೂ ತನ್ನ ಭಾರವನ್ನು ಹೇರುತ್ತದೆ. ಮಾರ್ಚ್ ತಿಂಗಳಿಗೇ ಬಿಸಿಲು ಏರಿ, ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವ ರಾಯಚೂರು ಜಿಲ್ಲೆಯಲ್ಲಿ, ಮಧ್ಯಾಹ್ನದ ಊಟದ ನಂತರ ನೆರಳಿಲ್ಲದ ಬಯಲಿನಲ್ಲಿ ನಡೆಯುವ ದೈಹಿಕ ಶಿಕ್ಷಣದ ಅವಧಿ ಕಲಿಕೆಯಾಗದೆ ಶಿಕ್ಷೆಯಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ತಲುಪುವ ಕಡೆ ಭತ್ತದ ಗದ್ದೆ, ತಲುಪದ ಕಡೆ ಹತ್ತಿ, ತೊಗರಿ ಬೆಳೆಯುವ ಈ ಊರುಗಳಲ್ಲಿ ಹತ್ತಿ ಬಿಡಿಸುವ ಹಂಗಾಮು ಬಂತೆಂದರೆ ಮಕ್ಕಳ ಹಾಜರಿ ಕುಗ್ಗುತ್ತದೆ. ದುಡಿಮೆಗಾಗಿ ಬೆಂಗಳೂರಿನಂಥ ನಗರಗಳಿಗೆ ಗುಳೆ ಹೋಗುವ ಕುಟುಂಬಗಳ ಮಕ್ಕಳ ಕಲಿಕೆ ನಡುವೆಯೇ ತುಂಡಾಗುತ್ತದೆ.

ಹೊಲದಲ್ಲಿ ದುಡಿಯುವ ಮಕ್ಕಳಿಗೆ ಮತ್ತೆ ವ್ಯಾಯಾಮವೇಕೆ ಎಂಬ ಪ್ರಶ್ನೆ ಪಾಲಕರಿಂದ ಸಹಜವಾಗಿ ಬರುತ್ತದೆ. ಹತ್ತಿ ಬಿಡಿಸುವಾಗಲೂ ಕಳೆ ತೆಗೆಯುವಾಗಲೂ ಮಗು ಗಂಟೆಗಟ್ಟಲೆ ಬಗ್ಗಿ ಒಂದೇ ಬಗೆಯ ಚಲನೆಯನ್ನು ಮಾಡುತ್ತದೆ. ಅದು ಬೆನ್ನನ್ನೂ ಕುತ್ತಿಗೆಯನ್ನೂ ದಣಿಸುತ್ತದೆಯೇ ಹೊರತು ಓಟ, ಜಿಗಿತ, ಸಮತೋಲನ, ಉಸಿರಾಟದ ಹಿಡಿತ ಹಾಗೂ ಜೊತೆಗಾರರೊಡನೆ ಹೊಂದಿಕೊಂಡು ಆಡುವ ಗುಣವನ್ನು ಕಲಿಸುವುದಿಲ್ಲ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈಬೆವರುವಂಥ ಚಟುವಟಿಕೆಯಲ್ಲಿ ತೊಡಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳಿದೆ. ಜಗತ್ತಿನ 11ರಿಂದ 17 ವರ್ಷದವರಲ್ಲಿ ಶೇ. 81ರಷ್ಟು ಮಂದಿಗೆ ಅಷ್ಟು ಚಟುವಟಿಕೆ ಇಲ್ಲವೆಂದು ಅದೇ ಸಂಸ್ಥೆಯ ಅಧ್ಯಯನ 2019ರಲ್ಲಿ ತೋರಿಸಿತು.

ಹೆಣ್ಣುಮಕ್ಕಳ ವಿಷಯದಲ್ಲಿ ಕೊರತೆ ಇನ್ನೂ ಆಳವಾದುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59ರಷ್ಟು ಮಂದಿಗೆ ರಕ್ತಹೀನತೆಯಿದ್ದು, ಎರಡು ಸುತ್ತು ಓಡಿ ಏದುಸಿರು ಬಿಡುವ ಹುಡುಗಿಯನ್ನು ಮೊದಲು ಗಮನಿಸಿ ಆರೋಗ್ಯ ಕೇಂದ್ರಕ್ಕೆ ಕಳಿಸಬಲ್ಲವರು ಮೈದಾನದಲ್ಲಿ ನಿಂತ ಶಿಕ್ಷಕರೇ. ದೊಡ್ಡವಳಾದ ಮೇಲೆ ಆಟ ಬೇಡವೆಂದು ಮನೆಯವರು ತಡೆದರೆ, ಶಾಲೆಯಲ್ಲಿ ಉಡುಪು ಬದಲಿಸಲು ಮರೆಯಾದ ಜಾಗವಾಗಲಿ ನೀರಿರುವ ಶೌಚಾಲಯವಾಗಲಿ ಇಲ್ಲದಿದ್ದರೆ, ಎಂಥ ಪಠ್ಯಕ್ರಮವೂ ಆಕೆಯನ್ನು ತಲುಪದು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಕೊಕ್ಕೊ ವಿಶ್ವಕಪ್ ಗೆದ್ದ ಭಾರತ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರೆಂಬುದು, ಮನೆಯೂ ಊರೂ ತಡೆಯದಿದ್ದರೆ ಹಳ್ಳಿಯ ಹುಡುಗಿ ಎಲ್ಲಿಯವರೆಗೆ ಹೋಗಬಲ್ಲಳೆಂಬುದನ್ನು ತೋರಿಸುತ್ತದೆ.

ಶಾಲೆಯ ಒಳಗಿನ ಒತ್ತಡವೂ ಸಣ್ಣದಲ್ಲ. ಎಸ್‌ಎಸ್‌ಎಲ್‌ಸಿಯ ಒಟ್ಟು ಅಂಕಗಳಲ್ಲಿ ದೈಹಿಕ ಶಿಕ್ಷಣದ ಪಾಲು ಒಂದೂ ಇಲ್ಲ. 2024ರಲ್ಲಿ ಯಾದಗಿರಿ, 2025ರಲ್ಲಿ ಕಲಬುರಗಿ ಫಲಿತಾಂಶದ ಪಟ್ಟಿಯ ಕೊನೆಯಲ್ಲಿ ನಿಂತ ಮೇಲೆ ರಾಯಚೂರನ್ನೂ ಒಳಗೊಂಡ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ವಿಶೇಷ ತರಗತಿಗಳ ಒತ್ತಡ ಹೆಚ್ಚಿದಾಗ, ಮೊದಲು ಕೈತಪ್ಪುವುದು ಮೈದಾನದ ಅವಧಿಯೇ. ಇನ್ನೊಂದೆಡೆ ಪ್ರಾರ್ಥನಾ ಸಭೆ, ಶಿಸ್ತು, ರಾಷ್ಟ್ರೀಯ ಹಬ್ಬಗಳ ಪಥಸಂಚಲನ, ಭಾರತ ಸೇವಾದಳದ ಚಟುವಟಿಕೆ, ಹೋಬಳಿಯಿಂದ ಜಿಲ್ಲೆಯವರೆಗಿನ ಕ್ರೀಡಾಕೂಟಗಳಿಗೆ ತಂಡ ಕರೆದೊಯ್ಯುವ ಕೆಲಸ ಎಲ್ಲವೂ ಇದೇ ಶಿಕ್ಷಕರ ಪಾಲಿಗೆ ಬರುತ್ತವೆ. ಇಷ್ಟಾದರೂ ಪೂರ್ಣ ಪ್ರಮಾಣದ ಸಹಶಿಕ್ಷಕರೆಂಬ ಮನ್ನಣೆಗಾಗಿ, ಬಡ್ತಿಯ ಅವಕಾಶಕ್ಕಾಗಿ, ದೈಹಿಕ ಶಿಕ್ಷಣ ಕುರಿತ ಪ್ರೊ. ಎಲ್.ಆರ್. ವೈದ್ಯನಾಥನ್ ವರದಿಯ ಜಾರಿಗಾಗಿ ರಾಜ್ಯದ ದೈಹಿಕ ಶಿಕ್ಷಣ ಶಿಕ್ಷಕರು ವರ್ಷಗಳಿಂದ ಮನವಿ ಸಲ್ಲಿಸುತ್ತಲೇ ಬಂದಿದ್ದಾರೆ. ಹೊಣೆ ಹೆಚ್ಚಿಸುವಾಗ ಮನ್ನಣೆಯನ್ನು ಮುಂದೂಡುವುದು ನ್ಯಾಯವಲ್ಲ.

ಆದ್ದರಿಂದ ನಾಗರಿಕರಲ್ಲಿ ಕೆಲವು ಸ್ಪಷ್ಟ ಕೋರಿಕೆಗಳಿವೆ. ಪಾಲಕರು ಮಗಳಿರಲಿ, ಮಗನಿರಲಿ, ದೈಹಿಕ ಶಿಕ್ಷಣದ ಅವಧಿಗೆ ತಪ್ಪದೆ ಕಳಿಸಬೇಕು. ಶಾಲಾ ಸಭೆಗಳಿಗೆ ಬಂದಾಗ ಗಣಿತದ ಅಂಕ ವಿಚಾರಿಸುವಂತೆಯೇ ಮಗುವಿನ ಆರೋಗ್ಯ, ಚಟುವಟಿಕೆಗಳನ್ನೂ ವಿಚಾರಿಸಬೇಕು. ಮುಖ್ಯಶಿಕ್ಷಕರು ಮೈದಾನದ ಅವಧಿಯನ್ನು ಬೇರೆ ವಿಷಯಕ್ಕೆ ಬಿಟ್ಟುಕೊಡದೆ, ಬಿಸಿಲಿನ ತಿಂಗಳುಗಳಲ್ಲಿ ಅದನ್ನು ಬೆಳಗಿನ ಹೊತ್ತಿಗೆ ಹೊಂದಿಸಬೇಕು. ವಿಜ್ಞಾನ ಶಿಕ್ಷಕರು ಆಹಾರ ಮತ್ತು ಶರೀರದ ಪಾಠಗಳಲ್ಲಿ, ಶಿಕ್ಷಕಿಯರು ಹದಿಹರೆಯದ ಹುಡುಗಿಯರ ಆರೋಗ್ಯ ಶಿಕ್ಷಣದಲ್ಲಿ ಜೊತೆಗೂಡಿದರೆ ಒಬ್ಬರ ಮೇಲಿನ ಹೊರೆ ಹಂಚಿಕೆಯಾಗುತ್ತದೆ.

ಆಟದ ಮೈದಾನವೂ ಆಟದ ಸಾಮಗ್ರಿಯೂ ಉಪಕಾರವಾಗಿ ಸಿಗಬೇಕಾದವಲ್ಲ; 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಎಂಟನೆಯ ತರಗತಿಯವರೆಗಿನ ಶಾಲೆಗಳಿಗೆ ಅವನ್ನು ವಿಧಿಸಿದೆ. ಶಾಲಾಭಿವೃದ್ಧಿ ಸಮಿತಿಗಳು ಮೈದಾನದ ಗಡಿ ಗುರುತಿಸಿ ಒತ್ತುವರಿ ತಡೆಯಬೇಕು. ಬಳಗಾನೂರು ಪಟ್ಟಣ ಪಂಚಾಯಿತಿ ಹಾಗೂ ಸುತ್ತಲಿನ ಗ್ರಾಮ ಪಂಚಾಯಿತಿಗಳು ನೆಲ ಸಮಮಾಡುವುದು, ಅಂಚಿನಲ್ಲಿ ಬೇವು, ಹೊಂಗೆ ನೆಡುವುದು, ಕುಡಿಯುವ ನೀರು ಮತ್ತು ಶೌಚಾಲಯ ಒದಗಿಸುವುದನ್ನು ತಮ್ಮ ವಾರ್ಷಿಕ ಕ್ರಿಯಾಯೋಜನೆಯಲ್ಲಿ ಸೇರಿಸಬೇಕು. ಉದ್ಯೋಗ ಖಾತರಿ ಯೋಜನೆಯಡಿ ರಾಜ್ಯದ ಹಲವು ಗ್ರಾಮ ಪಂಚಾಯಿತಿಗಳು ಶಾಲಾ ಮೈದಾನ, ಕಾಂಪೌಂಡುಗಳನ್ನು ಕಟ್ಟಿದ ಮಾದರಿ ಕಣ್ಣಮುಂದಿದೆ. ಹಳೆಯ ವಿದ್ಯಾರ್ಥಿಗಳು ಸನ್ಮಾನದ ಶಾಲು, ಹಾರಗಳಿಗೆ ವೆಚ್ಚ ಮಾಡುವ ಹಣದಲ್ಲಿ ಒಂದು ಪಾಲನ್ನು ಚೆಂಡು, ಬಲೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗಳಿಗೆ ಮೀಸಲಿಟ್ಟರೆ ಅದು ನೂರಾರು ಮಕ್ಕಳಿಗೆ ಒದಗುತ್ತದೆ.

ಶಿಕ್ಷಣ ಇಲಾಖೆಯೂ ಜನಪ್ರತಿನಿಧಿಗಳೂ ಮಾಡಬೇಕಾದದ್ದು ಇದಕ್ಕಿಂತ ದೊಡ್ಡದು. ಹೊಸ ಪಠ್ಯಕ್ರಮ ಶಾಲೆಗೆ ಬರುವ ಮೊದಲೇ ಶಿಕ್ಷಕರಿಗೆ ಮೈದಾನದಲ್ಲೇ ನಡೆಯುವ ತರಬೇತಿ ಸಿಗಬೇಕು, ಪಠ್ಯಕ್ರಮ ರೂಪಿಸುವ ಸಮಿತಿಗಳಲ್ಲಿ ಈ ಭಾಗದ ಗ್ರಾಮೀಣ ಶಾಲೆಗಳ ದೈಹಿಕ ಶಿಕ್ಷಣ ಶಿಕ್ಷಕರ ಮಾತು ಕೇಳಿಬರಬೇಕು. ಸಂವಿಧಾನದ 371(ಜೆ) ವಿಧಿಯು ಈ ಪ್ರದೇಶದವರಿಗೆ ನೇಮಕಾತಿಯಲ್ಲಿ ಕಲ್ಪಿಸಿರುವ ಮೀಸಲಾತಿಯನ್ನು ಬಳಸಿ, ಸ್ಥಳೀಯ ಬಿ.ಪಿ.ಎಡ್. ಪದವೀಧರರಿಂದ ಖಾಲಿ ಹುದ್ದೆಗಳನ್ನು ತುಂಬಬೇಕು. ಈ ಬೇಡಿಕೆಗಳನ್ನು ಶಿಕ್ಷಕರು ಮುಂದಿಟ್ಟರೆ ಅವು ನೌಕರರ ಬೇಡಿಕೆಯಾಗಿ ಉಳಿಯುತ್ತವೆ. ಪಾಲಕರು ಮುಂದಿಟ್ಟರೆ ಮಕ್ಕಳ ಹಕ್ಕಿನ ಪ್ರಶ್ನೆಯಾಗುತ್ತವೆ.

ಗೆದ್ದ ಪದಕಗಳ ಸಂಖ್ಯೆಯಿಂದ ಶಿಕ್ಷಕರನ್ನು ಅಳೆಯುವ ರೂಢಿಯನ್ನು ಬಿಟ್ಟು, ಶಾಲೆ ಬಿಟ್ಟ ಮೇಲೂ ಆರೋಗ್ಯದ ಅಭ್ಯಾಸ ಉಳಿಸಿಕೊಂಡ ಮಕ್ಕಳ ಸಂಖ್ಯೆಯಿಂದ ಅಳೆಯುವುದನ್ನು ಊರು ಕಲಿಯಬೇಕಾಗಿದೆ. ಬಳಗಾನೂರು ಸೀಮೆಯ ಪ್ರತಿಯೊಬ್ಬ ಪಾಲಕರೂ ಮುಂದಿನ ಶಾಲಾ ಸಭೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕರನ್ನು ಕಂಡು, ಅವರಿಗೆ ಏನು ಕೊರತೆಯಿದೆ ಎಂದು ಕೇಳಿ, ಅದರಲ್ಲಿ ಒಂದನ್ನಾದರೂ ನೀಗಿಸಲು ಕೈಜೋಡಿಸಬೇಕೆಂದು ಕಳಕಳಿಯ ಮನವಿ.